ಗಡಸು ಮತ್ತು ಸಂಕ್ಷಾರಣ: ಒಂದು ಸೂತ್ರಕ್ಕೆ ವ್ಯಾಖ್ಯಾನ

ಸೂತ್ರ: ತೀವ್ರ ವಿರೂಪಣದಿಂದ ಅಲ್ಯೂಮಿನಿಯಂ ಮಿಶ್ರಲೋಹದ ಹರಳು ಕಿರಿದಾಗುತ್ತದೆ, ಗಡಸು ಏರುತ್ತದೆ, ಸಂಕ್ಷಾರಣವು ಬೆರಕೆಯನ್ನೂ ನೆಲೆಯನ್ನೂ ಅನುಸರಿಸುತ್ತದೆ.

‘ವಿರೂಪಣ’ ಎಂದರೆ ರೂಪು ಕೆಡುವುದು. ಬಾಗಿಸಿದ ತಂತಿ ಬಿಟ್ಟೊಡನೆ ಮೊದಲಿನಂತಾದರೆ ಅದು ಇಲ್ಲಿ ಲೆಕ್ಕಕ್ಕಿಲ್ಲ; ಬಾಗಿದ್ದು ಬಾಗಿಯೇ ಉಳಿಯಬೇಕು. ‘ತೀವ್ರ’ ಎಂಬ ವಿಶೇಷಣವು ಸಾಮಾನ್ಯ ಬಡಿತ, ಲಟ್ಟಿಸುವಿಕೆಗಳನ್ನು ಹೊರಗಿಡುತ್ತದೆ. ಶ್ಯಾವಿಗೆ ಒರಳಿನಲ್ಲಿ ಒತ್ತಿದ ಹಿಟ್ಟು ಎಳೆಯಾಗಿ ಇಳಿಯುತ್ತದೆ. ಮತ್ತೆ ಒತ್ತಬೇಕಾದರೆ ಉಂಡೆ ಕಟ್ಟಬೇಕು. ತೀವ್ರ ವಿರೂಪಣದ ಒಂದು ಕ್ರಮದಲ್ಲಿ ಹಾಗಲ್ಲ. ಅಚ್ಚಿನೊಳಗೆ ಒಂದೇ ಅಳತೆಯ ಎರಡು ಕಾಲುವೆಗಳು, ಹೆಚ್ಚಾಗಿ 90 ಡಿಗ್ರಿ ಕೋನದಲ್ಲಿ, ಕೂಡುತ್ತವೆ. ಸರಳು ಆ ಮೂಲೆ ತಿರುಗುವಾಗ ಒಳಗೊಳಗೇ ಜರುಗಿ, ದಪ್ಪ ಮಾತ್ರ ಬದಲಾಗದೆ ಹೊರಬರುತ್ತದೆ. ಆದಕಾರಣ ಅದನ್ನೇ ಕಾಲುಸುತ್ತು ತಿರುಗಿಸಿ ಮತ್ತೆ ತೂರಿಸಬಹುದು; ಒಮ್ಮೆ ತೂರಿಸಿದರೆ ಒಂದು ಸುತ್ತು. 1970ರ ದಶಕದಲ್ಲಿ ಮಿನ್ಸ್ಕ್‌ನಲ್ಲಿ ಸೆಗಲ್ ಮತ್ತು ಸಂಗಡಿಗರು ರೂಪಿಸಿದ ಈ ಕ್ರಮವನ್ನು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ, ಸತು ಮತ್ತು ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಮೇಲೆ ಪ್ರಯೋಗಿಸಿ ನೋಡಲಾಗಿದೆ.

‘ಹರಳು’ ಎಂಬುದು ಉಂಗುರದ ಹರಳಲ್ಲ. ಪರಮಾಣುಗಳು ಒಂದೇ ದಿಕ್ಕಿಗೆ ಸಾಲು ಹಿಡಿದ ಲೋಹದ ತುಣುಕು. ಹತ್ತಾರು ಮೈಕ್ರಾನ್ ಇದ್ದ ಹರಳು ಕೆಲವೇ ಸುತ್ತುಗಳಲ್ಲಿ ಒಂದು ಮೈಕ್ರಾನಿಗೂ ಕಿರಿದಾಗುತ್ತದೆ.

‘ಗಡಸು’ ಎಂದರೆ ಒತ್ತಿದಾಗ ಕುಳಿ ಬೀಳಗೊಡದ ಗುಣ. ವಿಕರ್ಸ್ ಪರೀಕ್ಷೆಯಲ್ಲಿ 136 ಡಿಗ್ರಿ ಕೋನದ ವಜ್ರದ ಮೊನೆಯನ್ನು ಲೋಹಕ್ಕೆ ಊರಿ, ಉಳಿದ ಚೌಕದ ಕರ್ಣವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಕರ್ಣ ಗಿಡ್ಡವಾದಷ್ಟೂ ಗಡಸು ಹೆಚ್ಚು. ಏರುವುದೇಕೆ? ಲೋಹ ಬಗ್ಗುವುದು ಹರಳಿನೊಳಗಿನ ಸಾಲುತಪ್ಪುಗಳು ಜಾರುವುದರಿಂದ. ಹರಳಿನ ಗಡಿ ಆ ಜಾರಿಕೆಗೆ ಅಡ್ಡಗೋಡೆ. ಹರಳು ಕಿರಿದಾದರೆ ಗೋಡೆ ಹೆಚ್ಚಿತೆಂದರ್ಥ. ಹಾಲ್ (1951), ಪೆಚ್ (1953) ಹೇಳಿದ ನಿಯಮದಂತೆ ಹರಳಿನ ವ್ಯಾಸ ಕಾಲುಭಾಗಕ್ಕಿಳಿದರೆ ಗಡಿಗಳಿಂದ ಬರುವ ಬಲದ ಪಾಲು ಇಮ್ಮಡಿಯಾಗುತ್ತದೆ. ಸಾಮಾನ್ಯವಾಗಿ ಮೊದಲ ಸುತ್ತಿನಲ್ಲೇ ಏರಿಕೆ ಹೆಚ್ಚು, ಮುಂದಿನವುಗಳಲ್ಲಿ ಅಲ್ಪ. ಅತಿಯಾಗಿ ಕಾಯಿಸಿದರೆ ಹರಳು ಮತ್ತೆ ಬೆಳೆದು ಗಳಿಸಿದ್ದೆಲ್ಲ ಹೋಗುತ್ತದೆ.

‘ಸಂಕ್ಷಾರಣ’, ಅಂದರೆ ಸುತ್ತಲ ನೀರು, ಉಪ್ಪು, ಗಾಳಿಗಳು ಲೋಹವನ್ನು ತಿನ್ನುವುದು. ಶಂಕೆ: ಗಡಸಾದದ್ದು ತಿನ್ನಲೂ ಕಷ್ಟವಲ್ಲವೇ? ಅಲ್ಲ; ಈ ಊಹೆ ಇಲ್ಲಿ ಸಲ್ಲದು. ಅಲ್ಯೂಮಿನಿಯಮನ್ನು ಕಾಯುವುದು ಅದರ ಗಡಸಲ್ಲ, ಮೈಮೇಲೆ ತಾನೇ ಕಟ್ಟಿಕೊಳ್ಳುವ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ. ಆದುದರಿಂದಲೇ ಸೂತ್ರಕಾರನು ಗಡಸಿಗೆ ‘ಏರುತ್ತದೆ’ ಎಂದು ಖಂಡಿತವಾಗಿ ಹೇಳಿ, ಇಲ್ಲಿ ‘ಅನುಸರಿಸುತ್ತದೆ’ ಎಂದು ತಡೆದು ನುಡಿದಿದ್ದಾನೆ.

‘ಬೆರಕೆ’ ಎಂದರೆ ಲೋಹದೊಳಗಿನ ಕಬ್ಬಿಣ, ತಾಮ್ರ ಮೊದಲಾದವು. ಇವುಗಳ ಗಂಟಿನ ಸುತ್ತಲೇ ಅಲ್ಯೂಮಿನಿಯಂ ಕರಗಿ ಕುಳಿ ಬೀಳುತ್ತದೆ. ತೀವ್ರ ವಿರೂಪಣವು ಗಂಟನ್ನು ಒಡೆದು ಚದುರಿಸಿದರೆ ಆಳವಾದ ಕುಳಿಯ ಬದಲು ಸಣ್ಣವು ಹಲವು ಬೀಳಬಹುದು, ಇದು ಲಾಭ. ಆದರೆ ಹರಳಿನ ಗಡಿಗಳೂ ಒಳಬಿಗುವೂ ಹೆಚ್ಚಿ, ಪೊರೆ ಹರಿದಲ್ಲಿ ಲೋಹ ಚುರುಕಾಗಿ ಕರಗಲೂಬಹುದು. ಪ್ರಯೋಗಗಳ ಫಲ ಮಿಶ್ರಲೋಹದಿಂದ ಮಿಶ್ರಲೋಹಕ್ಕೆ ಬೇರಾಗುವುದು ಇದರಿಂದ.

‘ನೆಲೆ’ ಎಂದರೆ ಲೋಹವಿರುವ ಪರಿಸರ; ಇದಕ್ಕೆ ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಕಡೆಯ ಕಾಫಿ ತೋಟವೇ ಉದಾಹರಣೆ. ಹೂಮಳೆ ತಡವಾದಾಗ ಸ್ಪ್ರಿಂಕ್ಲರಿಗೆ ಜೋಡಿಸುವ ಅಲ್ಯೂಮಿನಿಯಂ ಪೈಪು ಶುದ್ಧ ನೀರಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಅದೇ ಲೋಹಕ್ಕೆ ಮೈಲುತುತ್ತ, ಸುಣ್ಣ ಬೆರೆತ ಬೋರ್ಡೋ ದ್ರಾವಣ ತಗುಲಿದರೆ ಕತೆ ಬೇರೆ: ಮೈಲುತುತ್ತದ ತಾಮ್ರ ಮೈಮೇಲೆ ಕುಳಿತು ಅಡಿಯ ಅಲ್ಯೂಮಿನಿಯಮನ್ನು ಕರಗಿಸುತ್ತದೆ, ಸುಣ್ಣದ ಕ್ಷಾರ ಪೊರೆಯನ್ನೇ ತಿನ್ನುತ್ತದೆ. ಹರಳು ಎಷ್ಟೇ ಕಿರಿದಿರಲಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೋರ್ಡೋ ಕಲಸಬಾರದು.