ಕಿರೀಟ ಕಳಚಿಟ್ಟ ಆಟ

ಹೊಸ ಅಲೆಯ ನಾಟಕ ಎಂದೊಡನೆ ನಮ್ಮ ರಂಗಾಸಕ್ತರು 1972ನೇ ಇಸವಿಯನ್ನು ನೆನೆಯುತ್ತಾರೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಬಿ.ವಿ. ಕಾರಂತರು ಬೆಂಗಳೂರಿನ ಬಯಲು ರಂಗದಲ್ಲಿ ಆಡಿಸಿದ ವರ್ಷ ಅದು. ನನ್ನ ಮನಸ್ಸು ಮಾತ್ರ ಇನ್ನೂ ಹಿಂದಕ್ಕೆ, ಉತ್ತರ ಕರ್ನಾಟಕದ ಬೈಲಹೊಂಗಲ ಸೀಮೆಯ ಸಣ್ಣಾಟವೆಂಬ ಜನಪದ ಆಟದ ಮೇಳಗಳ ಕಡೆಗೇ ಎಳೆಯುತ್ತದೆ.

ಸುಗ್ಗಿ ಮುಗಿದ ಮೇಲೆ ಊರಿನ ರೈತರು ಕೂಡಿ, ಆಟ ಕಲಿಸುವ ಮಾಸ್ತರರನ್ನು ಕರೆಸಿ ತಾಲೀಮು ನಡೆಸುತ್ತಿದ್ದರು. ಜಾತ್ರೆಗೆ ಅಟ್ಟ ಕಟ್ಟಿ ಬೆಳಗಿನ ತನಕ ಆಡುತ್ತಿದ್ದರು. ಮಳೆ ಬಿತ್ತೆಂದರೆ ಮೇಳ ಚದುರಿತು, ಎಲ್ಲರೂ ಹೊಲಕ್ಕೆ. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು 1947ರಲ್ಲಿ ಕಟ್ಟಿದ ವೃತ್ತಿನಾಟಕ ಕಂಪನಿ ಕಲಾವೈಭವ ನಾಟ್ಯಸಂಘಕ್ಕೆ ಪರದೆ, ಟಿಕೀಟು, ಊರೂರಿನ ಕ್ಯಾಂಪು ಎಲ್ಲ ಇದ್ದವು. ಅದು ದಶಕಗಟ್ಟಲೆ ಬಾಳಿತು. ಒಂದು ಹಂಗಾಮಿನ ಈ ಸಣ್ಣಾಟದ ಮೇಳಗಳ ಹೆಸರುಗಳೋ ಹೆಚ್ಚಾಗಿ ದಾಖಲಾಗಲಿಲ್ಲ.

ಆದರೆ ಅವು ಮಾಡಿದ ಕೆಲಸ ನೋಡಿ. ದೊಡ್ಡಾಟದ ಅಟ್ಟದ ಮೇಲೆ ಪುರಾಣದ ವೀರರು ಕಿರೀಟ, ಭುಜಕೀರ್ತಿ ಕಟ್ಟಿ ಕುಣಿಯುತ್ತಿದ್ದ ನಾಡಿನಲ್ಲಿ ಧೋತರ, ಅಂಗಿ, ರುಮಾಲಿನ ಮನುಷ್ಯರು ಅಟ್ಟ ಹತ್ತಿದರು. ಬೈಲಹೊಂಗಲದ ಪತ್ತಾರ ಮಾಸ್ತರರು ಇದೇ ಸೀಮೆಯಲ್ಲಿ ನಡೆದ ಕೊಲೆಯೊಂದನ್ನು ‘ಸಂಗ್ಯಾ ಬಾಳ್ಯಾ’ ಆಟವಾಗಿಸಿದರು. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಾಳ ಮೇಲೆ ಸಂಗ್ಯಾ ಮನಸ್ಸಿಡುತ್ತಾನೆ. ಗೆಳೆಯ ಬಾಳ್ಯಾ ಮೊದಲು ನೆರವಾಗಿ, ಕಡೆಗೆ ಅವನನ್ನು ಸಾವಿನ ಕೈಗೆ ಒಪ್ಪಿಸುತ್ತಾನೆ. ಇಲ್ಲಿ ಸಾಯುವವನು ತಪ್ಪಿತಸ್ಥ. ಆದರೂ ಜನ ಅವನಿಗಾಗಿ ಕಣ್ಣೀರಿಡುತ್ತಾರೆ. ಧರ್ಮ ಗೆದ್ದಿತೆಂದು ಮಂಗಳ ಹಾಡಿ ನಿರಾಳವಾಗಿ ಮನೆಗೆ ಹೋಗಲು ಈ ಆಟ ಬಿಡುವುದಿಲ್ಲ. ನೋಡುಗರನ್ನು ಅಷ್ಟು ಕಲಕುವ ಆಧುನಿಕ ನಾಟಕಗಳು ನಮ್ಮಲ್ಲಿ ಹೆಚ್ಚಿಲ್ಲ ಎಂದೇ ನನ್ನ ಎಣಿಕೆ.

ಈ ಆಟದ ಹಿಮ್ಮೇಳದ ಬಗ್ಗೆ ಎಷ್ಟು ಹೇಳಿದರೂ ಸಾಲದು. ಪಾತ್ರಧಾರಿ ಒಂದು ನುಡಿ ಹಾಡಿ ಬಿಟ್ಟೊಡನೆ ಹಿಂದಿನವರು ಅದನ್ನೇ ಎತ್ತಿ ಹೊಳ್ಳಿ ಹೊಳ್ಳಿ ಹಾಡುತ್ತಾರೆ. ಸಂಗ್ಯಾನ ಬಯಕೆ ಆಗ ಅವನೊಬ್ಬನದಾಗಿ ಉಳಿಯುವುದಿಲ್ಲ. ಊರೇ ಬಾಯಿಬಿಟ್ಟು ಹೇಳಿದಂತಾಗುತ್ತದೆ. ಅಷ್ಟರಲ್ಲಿ ಪಾತ್ರಧಾರಿ ಉಸಿರು ತೆಗೆದುಕೊಂಡು, ಹೆಜ್ಜೆ ಹಾಕಿ, ಎದುರಿನವನ ಮುಖ ನೋಡುತ್ತಾನೆ. ಮುಂದಿನ ವಚನ ಆ ನೋಟದಿಂದಲೇ ಹುಟ್ಟಬೇಕು. ಹಾರ್ಮೋನಿಯಂ ಜೋರಾಗಿ ಇದನ್ನು ಮುಚ್ಚಿಬಿಟ್ಟರೆ ಆಟ ಕೆಟ್ಟಿತೆಂದೇ ಲೆಕ್ಕ.

ಕಂಬಾರರು ‘ಸಂಗ್ಯಾ ಬಾಳ್ಯಾ’ ಆಟವನ್ನು 1966ರಲ್ಲಿ ಸಂಪಾದಿಸಿ ಹೊರತಂದರು. ಆಮೇಲೆ ಪೇಟೆಯ ರಂಗಕರ್ಮಿಗಳೂ ಇದನ್ನು ಎತ್ತಿಕೊಂಡರು, ಅದು ಸಂತೋಷವೇ. ಆದರೆ ಪುಸ್ತಕದಲ್ಲಿ ಮಾತು ಸಿಕ್ಕೀತು, ಹಾಡಿನ ಮಟ್ಟು ಸಿಗದು. ಈ ಸೀಮೆಯಲ್ಲಿ ಸಣ್ಣಾಟವೆಂದು ಕೇಳಿದರೆ ತಪ್ಪಿಸಬೇಡಿ. ಹಿಮ್ಮೇಳ ನಿಲ್ಲುವ ಕಡೆಗೇ ಜಾಗ ಹಿಡಿದು ಕೂಡ್ರಿ, ಹಳೆಯ ಮಾಸ್ತರರು ಸಿಕ್ಕರೆ ಒಪ್ಪಿಗೆ ಕೇಳಿ ಮಟ್ಟುಗಳನ್ನು ಮೊಬೈಲಿನಲ್ಲಿ ಹಿಡಿದಿಡಿ.