ನಿತ್ಯವಾಚನದ ವಿನಿಯೋಗ: ಕನ್ನಡ ಕಥೋಲಿಕ ಪ್ರಬೋಧನೆಯ ಒಂದು ವಿಮರ್ಶೆ

ಗ್ರಂಥವನ್ನು ಅನುದಿನವೂ ಓದಬೇಕೆಂಬ ನಿಯಮವು ಭಾರತೀಯರಿಗೆ ಹೊಸತಲ್ಲ. ಓದಿದುದನ್ನು ಕೇಳುವವರ ಬಾಳಿಗೆ ಹೊಂದಿಸಿ ಹೇಳುವ ಸಂಪ್ರದಾಯವೂ ಹೊಸತಲ್ಲ. ಗಮಕಿಯು ಭಾರತವನ್ನು ವಾಚಿಸುತ್ತಿರಲು ವ್ಯಾಖ್ಯಾನಕಾರನು ಪಕ್ಕದಲ್ಲಿ ಕುಳಿತು ಮಾಡುವುದು ಇದೇ ಕೆಲಸವನ್ನು. ಇದೇ ಜಾತಿಯ ಇನ್ನೊಂದು ವಾಙ್ಮಯವು ಕಥೋಲಿಕ ಕ್ರೈಸ್ತರ ದೇವಾಲಯಗಳಲ್ಲಿ ಕನ್ನಡದಲ್ಲಿಯೇ ದಿನದಿನವೂ ಹುಟ್ಟುತ್ತಿದೆ. ಬಲಿಪೂಜೆಯಲ್ಲಿ ಅಂದಿನ ವಾಚನಗಳಾದ ಮೇಲೆ ಗುರುವು ಮಾಡುವ ಪ್ರಬೋಧನೆ, ಅದೇ ವಾಚನಗಳನ್ನು ಹಿಡಿದು ಕೈಪಿಡಿಗಳಲ್ಲಿಯೂ ಈಚೆಗೆ ಕೈದೂರವಾಣಿಗಳಲ್ಲಿಯೂ ಹರಡುವ ಕಿರುಚಿಂತನೆ, ಇವೆರಡೂ ಅದರ ರೂಪಗಳು. ಭಕ್ತಿಯ ಬರೆಹವೆಂಬ ಕಾರಣಕ್ಕಾಗಿ ಇದನ್ನು ಸಾಹಿತ್ಯವಿಚಾರದ ಹೊರಗಿಡುವುದು ಸರಿಯಲ್ಲ. ಅರ್ಥನಿರ್ಣಯವಿದ್ದಲ್ಲಿ ವಿಮರ್ಶೆಗೂ ಎಡೆಯುಂಟು.

ಈ ವಾಚನಗಳ ವ್ಯವಸ್ಥೆಯನ್ನು ಮೊದಲು ತಿಳಿಯಬೇಕು. ಲತೀನಿನಲ್ಲಿ ಪೂಜೆ ನಡೆಯುತ್ತಿದ್ದ ಕಾಲದಲ್ಲಿ ಓದುವ ಭಾಗಗಳು ವರ್ಷಕ್ಕೊಮ್ಮೆ ಆವರ್ತಿಸುತ್ತಿದ್ದುವು. ಹಳೆಯ ಒಡಂಬಡಿಕೆಯಿಂದ ಬರುತ್ತಿದ್ದುದು ಅತ್ಯಲ್ಪ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದು, ಶ್ರೀಗ್ರಂಥದ ನಿಧಿಯನ್ನು ಜನಕ್ಕೆ ಧಾರಾಳವಾಗಿ ಹಂಚಬೇಕೆಂದು ವಿಧಿಸಿತು. 1969ರಲ್ಲಿ ಹೊಸ ವಾಚನಕ್ರಮವು ಪ್ರಕಟವಾಯಿತು. ಅದರಂತೆ ಭಾನುವಾರಗಳಿಗೆ ಮೂರು ವರ್ಷಗಳ ಆವರ್ತನ: ಮೊದಲನೆಯ ವರ್ಷಕ್ಕೆ ಮತ್ತಾಯ, ಎರಡನೆಯದಕ್ಕೆ ಮಾರ್ಕ, ಮೂರನೆಯದಕ್ಕೆ ಲೂಕ ಪ್ರಧಾನ. ವಾರದ ದಿನಗಳಲ್ಲಿ ಮೊದಲನೆಯ ವಾಚನಕ್ಕೆ ಎರಡು ವರ್ಷಗಳ ಆವರ್ತನ, ಬೆಸ ಸಂಖ್ಯೆಯ ವರ್ಷಕ್ಕೊಂದು, ಸಮ ಸಂಖ್ಯೆಯದಕ್ಕೊಂದು. ಶುಭಸಂದೇಶವಾದರೋ ಪ್ರತಿವರ್ಷವೂ ಅದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾಧಾರಣ ಕಾಲದ ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆಯ ಭಾಗವನ್ನು ಶುಭಸಂದೇಶಕ್ಕೆ ಅನುಗುಣವಾಗಿ ಆರಿಸಿದ್ದಾರೆ. ಅಲ್ಲಿ ಸಂಗತಿಯು ಬುದ್ಧಿಪೂರ್ವಕವಾದುದು. ತಪಸ್ಸುಕಾಲದ ವಾರದ ದಿನಗಳಲ್ಲಿಯೂ ಹಾಗೆಯೇ. ಆದರೆ ಸಾಧಾರಣ ಕಾಲದ ವಾರದ ದಿನಗಳಲ್ಲಿ ಎರಡು ಗ್ರಂಥಗಳು ತಮ್ಮತಮ್ಮ ಓಟದಲ್ಲಿ ಬೇರೆಬೇರೆಯಾಗಿ ಸಾಗುತ್ತವೆ. ಒಂದೇ ದಿನ ಅವು ಅಕ್ಕಪಕ್ಕದಲ್ಲಿ ನಿಲ್ಲುವುದು ಸಂತೆಯಲ್ಲಿ ಇಬ್ಬರು ಅಪರಿಚಿತರು ಪಕ್ಕಪಕ್ಕದಲ್ಲಿ ಗಂಟಿಳಿಸಿ ಕುಳಿತಂತೆ. ಕಿರುಚಿಂತನೆಗಳ ಪ್ರಧಾನ ದೋಷವು ಈ ಭೇದವನ್ನು ಮರೆಯುವುದರಿಂದ ಹುಟ್ಟಿದೆ.

ಉದಾಹರಣೆಗೆ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ತೆಗೆದುಕೊಳ್ಳಬಹುದು. ಇದು ಮತ್ತಾಯನ ಇಪ್ಪತ್ತನೆಯ ಅಧ್ಯಾಯದಲ್ಲಿದೆ. ಯಲಹಂಕದ ಸೀಮೆಗೆ ಈ ಕಥೆಯಷ್ಟು ಹತ್ತಿರವಾದುದು ಇಡೀ ಶುಭಸಂದೇಶದಲ್ಲಿ ಮತ್ತೊಂದು ಇರಲಾರದು. ಅಲ್ಲಿಂದ ಬಡಗಣಕ್ಕೆ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ ಹೋದರೆ ದ್ರಾಕ್ಷಿಯ ಚಪ್ಪರಗಳು. ಊರಿನ ಕೂಡುರಸ್ತೆಗಳಲ್ಲಿಯೋ ಬೆಳಗಾದರೆ ಬುತ್ತಿ ಹಿಡಿದು ಕೂಲಿಗೆ ಕರೆಯುವವರನ್ನು ಕಾಯುತ್ತ ನಿಂತ ಗಾರೆ ಕೆಲಸದವರು. ಇವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದವರುಂಟು. ಸೂರ್ಯ ನೆತ್ತಿಗೇರುವ ವೇಳೆಗೂ ಕೆಲವರು ಅಲ್ಲಿಯೇ ನಿಂತಿರುತ್ತಾರೆ. ನಾಡಪ್ರಭುಗಳ ಹಳೆಯ ಪಟ್ಟಣವಾದ ಯಲಹಂಕವು ರೈಲುಗಾಲಿಯ ಕಾರ್ಖಾನೆಯಿಂದಲೂ, 2008ರ ಮೇಲೆ ದೇವನಹಳ್ಳಿಯ ವಿಮಾನನಿಲ್ದಾಣದಿಂದಲೂ ಬೆಳೆದ ಪರಿಯಲ್ಲಿ ಈ ದೃಶ್ಯವು ತೆಳುವಾಗದೆ ದಟ್ಟವೇ ಆಗಿದೆ.

ಈ ಸಾಮತಿಯು ವಾಚನಕ್ರಮದಲ್ಲಿ ಎರಡು ಕಡೆ ಬರುತ್ತದೆ. ಮತ್ತಾಯನ ವರ್ಷದಲ್ಲಿ ಸಾಧಾರಣ ಕಾಲದ ಇಪ್ಪತ್ತೈದನೆಯ ಭಾನುವಾರ ಯೆಶಾಯನ ಐವತ್ತೈದನೆಯ ಅಧ್ಯಾಯದ ಜೊತೆಗೆ; ಇಪ್ಪತ್ತನೆಯ ವಾರದ ಬುಧವಾರ ಪ್ರತಿವರ್ಷವೂ, ಬೆಸವರ್ಷದಲ್ಲಿ ನ್ಯಾಯಸ್ಥಾಪಕರ ಒಂಬತ್ತನೆಯ ಅಧ್ಯಾಯದೊಡನೆ, ಸಮವರ್ಷದಲ್ಲಿ ಯೆಹೆಜ್ಕೇಲನ ಮೂವತ್ತನಾಲ್ಕನೆಯ ಅಧ್ಯಾಯದೊಡನೆ. ದೇವರ ಆಲೋಚನೆ ಮನುಷ್ಯರ ಆಲೋಚನೆಯಂತಲ್ಲವೆಂಬ ಯೆಶಾಯನ ಮಾತು ತೋಟದ ಯಜಮಾನನ ವಿಚಿತ್ರವಾದ ಲೆಕ್ಕಕ್ಕೆ ಪೀಠಿಕೆಯಾಗಿ ನಿಲ್ಲುವುದು ಉಚಿತವೇ. ಬೆಸವರ್ಷದ ಬುಧವಾರವಾದರೋ ಬರುವುದು ಯೋತಾಮನ ಮರಗಳ ಕಥೆ. ಎಣ್ಣೆಮರ, ಅಂಜೂರ, ದ್ರಾಕ್ಷಿಗಳು ಅರಸುತನವನ್ನು ಒಲ್ಲೆವೆನ್ನಲು ಮುಳ್ಳುಪೊದೆಯು ಒಪ್ಪಿ ಸಿಂಹಾಸನವೇರುತ್ತದೆ. ಅಬೀಮೆಲೆಕನಂಥ ಕೊಲೆಗಡುಕನನ್ನು ದೊರೆಯಾಗಿ ಮಾಡಿಕೊಂಡ ಜನರಿಗೆ ಹೇಳಿದ ಕಟುವಾದ ರಾಜನೀತಿಯದು. ಎರಡರಲ್ಲಿಯೂ ದ್ರಾಕ್ಷಿ ಬಂದಿತೆಂದು ಗಂಟುಹಾಕಿ, ಫಲ ಕೊಡುವವನಾಗು, ಕರೆದ ಕೂಡಲೆ ತೋಟಕ್ಕೆ ನಡೆ ಎಂದು ಉಪದೇಶವನ್ನು ಹೊಸೆಯುವುದು ಸುಲಭ. ಆದರೆ ಅದರಿಂದ ಯೋತಾಮನ ಕಟುತ್ವವೂ ಹೋಯಿತು, ಸಾಮತಿಯ ವಿಷಮವೂ ಹೋಯಿತು. ಉಳಿದುದು ದ್ರಾಕ್ಷಿಯ ಹೆಸರು ಮಾತ್ರ.

ಮಂತ್ರವನ್ನು ಯಾವ ಕರ್ಮದಲ್ಲಿ ವಿನಿಯೋಗಿಸಬೇಕೆಂಬುದರ ನಿರ್ಣಯಕ್ಕೆ ಪೂರ್ವಮೀಮಾಂಸಕರು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂದು ಆರು ಪ್ರಮಾಣಗಳನ್ನು ಹೇಳಿ, ಅವು ಪರಸ್ಪರ ವಿರೋಧಿಸಿದರೆ ಹಿಂದುಹಿಂದಿನದೇ ಬಲವತ್ತರವೆಂದು ವ್ಯವಸ್ಥೆ ಮಾಡಿದ್ದಾರೆ. ಇಂದ್ರನನ್ನು ಹೊಗಳುವ ಋಕ್ಕು ಕೂಡ ಪ್ರತ್ಯಕ್ಷವಾದ ವಿಧಿಯಿದ್ದರೆ ಗಾರ್ಹಪತ್ಯಾಗ್ನಿಯ ಉಪಸ್ಥಾನಕ್ಕೆ ಸಲ್ಲುತ್ತದೆ. ಪರಮತದ ಗ್ರಂಥಕ್ಕೆ ಈ ನ್ಯಾಯವನ್ನು ಹಚ್ಚುವುದು ಉಚಿತವೇ ಎಂಬ ಶಂಕೆ ಏಳಬಹುದು. ಇದು ಮತದ ಮಾತಲ್ಲ, ವಾಕ್ಯಾರ್ಥದ ಮಾತು, ಅಳತೆಗೋಲಿಗೆ ಜಾತಿಯಿಲ್ಲ. ಭಾನುವಾರ ಯೆಶಾಯನನ್ನು ಸಾಮತಿಗೆ ಜೋಡಿಸಿದುದು ವಿಧಾಯಕರ ಸ್ಪಷ್ಟವಾದ ಸಂಕಲ್ಪ. ಅದನ್ನು ಅನುಸರಿಸಿ ಅರ್ಥ ಹೇಳುವುದು ನ್ಯಾಯ್ಯ. ವಾರದ ದಿನದ ಜೋಡಣೆಯಾದರೋ ಕೇವಲ ಸ್ಥಾನದಿಂದ ಬಂದದ್ದು. ಪದಸಾಮ್ಯದಿಂದ ಕಟ್ಟಿದ ಸಂಬಂಧವು ಸಮಾಖ್ಯೆಗಿಂತಲೂ ಕೆಳಗಿನದು. ಸ್ಥಾನಕ್ಕಿಂತ ಪ್ರಕರಣವು ಬಲವಾದುದೆಂದಮೇಲೆ, ವಾರದ ದಿನಗಳಲ್ಲಿ ವಾಚನವನ್ನು ಅದರ ಪಕ್ಕದ ವಾಚನದೊಡನೆ ಕೂಡಿಸದೆ ಅದರದೇ ಗ್ರಂಥದ ಹಿಂದುಮುಂದುಗಳೊಡನೆ ಓದಬೇಕು.

ಹಾಗೆ ಓದಿದರೆ ದೊರೆಯುವ ಲಾಭವು ಸಣ್ಣದಲ್ಲ. ಇಪ್ಪತ್ತನೆಯ ವಾರದ ಸೋಮವಾರ, ಆಸ್ತಿಯನ್ನು ಬಿಡಲಾರದೆ ಖಿನ್ನನಾಗಿ ಹೋದ ತರುಣನ ಕಥೆ, ಮಂಗಳವಾರ, ನಾವು ಎಲ್ಲವನ್ನೂ ಬಿಟ್ಟು ಬಂದೆವಲ್ಲ, ನಮಗೇನು ದೊರೆಯುವುದೆಂಬ ಅರ್ಥದ ಪೇತ್ರನ ಪ್ರಶ್ನೆ, ಬುಧವಾರ, ಸಾಮತಿ. ಇದು ಪೇತ್ರನಿಗೆ ಬಂದ ಉತ್ತರವೆಂಬುದು ವಾರದ ದಿನಗಳಲ್ಲಿ ಬರುವ ನಾಲ್ಕಾರು ಜನರಿಗೆ ತಾನಾಗಿ ಕೇಳಿಸುತ್ತದೆ. ಭಾನುವಾರದ ತುಂಬಿದ ಸಭೆಗೆ ಕೇಳಿಸುವುದಿಲ್ಲ. ಅಲ್ಲಿ ಹಿಂದಿನ ವಾರದ ಪಾಠವು ಹದಿನೆಂಟನೆಯ ಅಧ್ಯಾಯದ ಕ್ಷಮೆಯ ಸಾಮತಿ, ಹತ್ತೊಂಬತ್ತನೆಯದು ಬಿಟ್ಟುಹೋಗಿದೆ.

ಹಳೆಯ ವ್ಯಾಖ್ಯಾನಗಳಲ್ಲಿಯೂ ಈ ಪ್ರಕರಣದ ಅರಿವು ಪ್ರಬಲವಾಗಿರಲಿಲ್ಲ. ಲತೀನ ಪೂಜಾಕ್ರಮದಲ್ಲಿ ಸಾಮತಿಯು ತಪಸ್ಸುಕಾಲಕ್ಕೆ ಮುಂಚಿನ ಸೆಪ್ತುವಜೆಸಿಮ ಭಾನುವಾರದ ಪಾಠವಾಗಿದ್ದಿತು. ಆರನೆಯ ಶತಮಾನದ ಮಹಾ ಗ್ರೆಗೊರಿಯು ಯಜಮಾನನು ತೋಟದಿಂದ ಹೊರಟ ಐದು ಹೊತ್ತುಗಳನ್ನು ಆದಾಮನಿಂದ ಲೋಕಾಂತ್ಯದವರೆಗಿನ ಐದು ಯುಗಗಳೆಂದೂ, ಮತ್ತೆ ಮನುಷ್ಯನ ಬಾಲ್ಯಾದಿ ಅವಸ್ಥೆಗಳೆಂದೂ ವಿವರಿಸಿದನು. ಕೊನೆಗಾಲದಲ್ಲಿ ಮನಸ್ಸು ತಿರುಗಿದವನಿಗೂ ಮುಕ್ತಿಯುಂಟೆಂಬ ಬೋಧೆ ಅಲ್ಲಿಂದ ಬಂದುದು. ಅದು ಇಂದಿಗೂ ವೇದಿಕೆಗಳಲ್ಲಿ ಜೀವಂತವಾಗಿದೆ. ರೂಪಕವು ಸುಂದರವೇ. ಆದರೆ ಅದರಲ್ಲಿ ಕೂಲಿಯಾಳು ಕರಗಿಹೋಗಿ ಆತ್ಮವೊಂದೇ ಉಳಿಯುತ್ತದೆ. ಮನೆ ಕಟ್ಟಿಸುತ್ತಿರುವ ಗೃಹಸ್ಥನು ಈ ಬೋಧೆಯನ್ನು ಕೇಳಿ, ಹೊರಗೆ ಕೂಡುರಸ್ತೆಯಲ್ಲಿ ನಿಂತವನ ಮುಖವನ್ನು ನೋಡದೆಯೇ ಮನೆಗೆ ಹೋಗಬಹುದು.

ಮುಖ್ಯಾರ್ಥವು ಬಾಧಿತವಾಗದೆ ಲಕ್ಷಣೆಯಿಲ್ಲವೆಂಬುದು ಆಲಂಕಾರಿಕರ ನಿಯಮ. ಇಲ್ಲಿ ಮುಖ್ಯಾರ್ಥಕ್ಕೆ ಬಾಧೆಯೇನು? ಸಂಜೆಯಾಗುತ್ತಲೆ ಕೂಲಿಯನ್ನು ಸಲ್ಲಿಸುವುದು ಮೋಶೆಯ ಧರ್ಮಶಾಸ್ತ್ರದ ವಿಧಿ. ಯಜಮಾನನು ಅದನ್ನು ಪಾಲಿಸುತ್ತಾನೆ. ದೆನಾರಿಯವೆಂದರೆ ಒಂದು ದಿನದ ಕೂಲಿ, ಎಂದರೆ ಒಂದು ಸಂಸಾರದ ಒಂದು ದಿನದ ಅನ್ನ. ಹನ್ನೊಂದನೆಯ ಗಳಿಗೆಯೆಂದರೆ ಇಂದಿನ ಲೆಕ್ಕದಲ್ಲಿ ಸಂಜೆಯ ಐದು ಗಂಟೆ. ಆ ಹೊತ್ತಿಗೂ ನಿಂತಿದ್ದವರನ್ನು ಏಕೆ ಸುಮ್ಮನೆ ನಿಂತಿರಿ ಎಂದು ಕೇಳಿದರೆ, ಯಾರೂ ಕರೆಯಲಿಲ್ಲವೆಂಬುದೇ ಅವರ ಉತ್ತರ. ಸೋಮಾರಿತನದ ಆರೋಪಕ್ಕೆ ಕಥೆಯೊಳಗೇ ಸಮಾಧಾನವಿದೆ. ಅದನ್ನು ಗಮನಿಸದೆ ಸೋಮಾರಿತನದ ಮೇಲೆ ಪ್ರಬೋಧನೆ ಮಾಡಿದರೆ ಕಥೆಗೆ ದ್ರೋಹ ಮಾಡಿದಂತೆ. ಕೂಲಿ ಹಂಚುವ ಪಾರುಪತ್ಯಗಾರನನ್ನು ಯಲಹಂಕದ ಕೇಳುಗನು ಮೇಸ್ತ್ರಿಯೆಂದು ಕೂಡಲೆ ಗುರುತಿಸುವನು. ಕಡೆಗೆ ಬಂದವರಿಂದ ಮೊದಲುಮಾಡಿ ಹಂಚೆಂದು ಆ ಮೇಸ್ತ್ರಿಗೆ ಅಪ್ಪಣೆಯಾದುದು ಕಥನದ ಚಾತುರ್ಯ. ಕ್ರಮ ತಿರುವಾಗಿದ್ದರೆ ಮೊದಲಿನವರು ತಮ್ಮದನ್ನು ಪಡೆದು ತೃಪ್ತರಾಗಿ ಹೊರಟುಹೋಗುತ್ತಿದ್ದರು, ಕಥೆ ನಡೆಯುತ್ತಿರಲಿಲ್ಲ.

ಯಜಮಾನನ ಕೊನೆಯ ಪ್ರಶ್ನೆಯಲ್ಲಿ ಗ್ರೀಕ್ ಮೂಲವು ಕೆಟ್ಟ ಕಣ್ಣನ್ನು ಹೇಳುತ್ತದೆ. ಅಸೂಯೆಯೆಂಬ ಸಂಸ್ಕೃತಪದಕ್ಕಿಂತ ಕನ್ನಡದ ‘ಕಣ್ಣುರಿ’ ಅದಕ್ಕೆ ಸಮೀಪವಾದುದು. ಪಂಡಿತಪದಗಳ ಮೋಹವಿರುವ ಪ್ರಬೋಧಕರು ಇದನ್ನು ನೆನೆಯಬೇಕು. ಕನ್ನಡದಲ್ಲಿಯೇ ಇನ್ನೂ ಹತ್ತಿರದ ದೃಷ್ಟಾಂತವುಂಟು: ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನು ಮನೆಯೊಳಗೆ ಸೇರಿಸದೆ ಹಿಂದಕ್ಕೆ ಕಳುಹಿಸಿದಳು. ಅಂದಿನ ಅನ್ನವೇ ಅವಳಿಗೂ ಅಳತೆ, ಈ ಯಜಮಾನನಿಗೂ ಅಳತೆ. ಅಲ್ಲಿ ಹೆಚ್ಚನ್ನು ಬಿಡುವುದು, ಇಲ್ಲಿ ಕೊರೆಯನ್ನು ತುಂಬುವುದು.

ಕಡೆಯವರು ಮೊದಲಿಗರಾಗುವರೆಂಬ ಮಾತಿನ ವಿನಿಯೋಗದಲ್ಲಿಯೂ ಎಚ್ಚರ ಬೇಕು. ಬೆಂಗಳೂರು ಮಹಾಧರ್ಮಪ್ರಾಂತ್ಯದ ದೇವಾಲಯಗಳಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನಕ್ಕಾಗಿ ಕನ್ನಡ ಕ್ರೈಸ್ತರು ದೀರ್ಘಕಾಲ ಹೋರಾಡಿದರು. ಹೊರಗಿನಿಂದ ಬಂದವರ ಬಗೆಗೆ ಹಳಬರು ಗೊಣಗಿದಾಗ ಈ ಸಾಮತಿಯನ್ನು ಎತ್ತಿ ಅವರ ಬಾಯಿ ಮುಚ್ಚಿಸುವುದು ಸಾಧ್ಯವುಂಟು. ಅದು ಅನ್ಯಾಯವಾದ ವಿನಿಯೋಗ. ಮೊದಲು ಬಂದವರ ಕೂಲಿಯಲ್ಲಿ ಯಜಮಾನನು ಒಂದು ಕಾಸನ್ನೂ ಕಡಿಯಲಿಲ್ಲ. ಒಪ್ಪಿದುದನ್ನು ಪೂರ್ತಿಯಾಗಿ ಕೊಟ್ಟನು. ಅವರ ಹಕ್ಕನ್ನು ಕಥೆಯು ಆಕ್ಷೇಪಿಸುವುದಿಲ್ಲ, ಅವರ ಕಣ್ಣುರಿಯನ್ನು ಮಾತ್ರ ಆಕ್ಷೇಪಿಸುತ್ತದೆ. ಒಪ್ಪಿದುದನ್ನು ಪಡೆಯದವನಿಗೆ ಈ ಕಥೆಯನ್ನು ಹೇಳಕೂಡದು.

ಹಾಗಾದರೆ ವಾರದ ದಿನಗಳಲ್ಲಿ ಮೊದಲನೆಯ ವಾಚನಕ್ಕೆ ಸಂಗತಿಯೇ ಇಲ್ಲವೋ ಎಂದರೆ, ಉಂಟು, ಅದು ಕೀರ್ತನೆಯಲ್ಲಿದೆ. ಕೀರ್ತನೆಯನ್ನು ಆರಿಸಿರುವುದು ಮೊದಲನೆಯ ವಾಚನಕ್ಕೆ ಪ್ರತಿವಚನವಾಗಿ. ಬೆಸವರ್ಷದ ಅದೇ ವಾರದ ಗುರುವಾರ ಯೆಪ್ತಾಹನ ಕಥೆ ಬರುತ್ತದೆ. ಗೆದ್ದು ಬಂದರೆ ಮನೆಯಿಂದ ತನ್ನನ್ನು ಎದುರುಗೊಳ್ಳಲು ಹೊರಬಂದುದನ್ನು ಬಲಿಯಾಗಿ ಅರ್ಪಿಸುವೆನೆಂದು ಹರಕೆ ಹೊತ್ತನು. ದಮ್ಮಡಿ ಬಾರಿಸುತ್ತ ಬಂದವಳು ಒಬ್ಬಳೇ ಮಗಳು. ಹರಕೆಯನ್ನು ತೀರಿಸಿಬಿಟ್ಟನು. ಹರಕೆ ಹೊರುವುದು ವಾಡಿಕೆಯಾದ ಕನ್ನಡನಾಡಿನಲ್ಲಿ ಇದನ್ನು ಕೊಟ್ಟ ಮಾತಿಗೆ ತಪ್ಪಬೇಡವೆಂಬ ನೀತಿಗೆ ತಿರುಗಿಸಿದರೆ ಕೇಳುವ ಹೆಣ್ಣುಮಕ್ಕಳ ಎದೆ ನಡುಗಬೇಕು. ಆದರೆ ಅಂದಿನ ಕೀರ್ತನೆಯು ನಾಲ್ವತ್ತನೆಯದು: ದೇವರು ಬಲಿಯನ್ನೂ ಹೋಮವನ್ನೂ ಬಯಸಲಿಲ್ಲ, ಆಲಿಸುವ ಕಿವಿಯನ್ನು ಕೊಟ್ಟನು ಎಂಬುದು ಅದರ ಭಾವ. ಯೆಪ್ತಾಹನಿಗೆ ಕೊಡಬೇಕಾದ ಉತ್ತರವನ್ನು ವಾಚನಕ್ರಮವೇ ಅವನ ಕಥೆ ಮುಗಿದ ಮರುಕ್ಷಣದಲ್ಲಿ ಇಟ್ಟಿದೆ. ಕಿರುಚಿಂತನೆಗಳನ್ನು ಬರೆಯುವವರು ಈ ಕೀರ್ತನೆಯನ್ನು ಪಾಠವೆಂದೆಣಿಸದೆ ಹಾಡೆಂದೆಣಿಸಿ ದಾಟಿಹೋಗುತ್ತಾರೆ. ಮಗಳ ಗತಿಗೆ ಸಮಾಧಾನವನ್ನು ಹುಡುಕುತ್ತ ಮದುವೆಯೂಟದ ಸಾಮತಿಗೆ ಹೋಗುತ್ತಾರೆ. ಅಂದಿನ ಶುಭಸಂದೇಶ ಅದು. ಯೆಪ್ತಾಹನ ಮನೆಗೂ ಅದಕ್ಕೂ ಇರುವ ನಂಟು ಒಂದೇ ದಿನ ಓದಲ್ಪಟ್ಟುದಷ್ಟೇ.