ತಾಲೀಮಿಗೆ ಬಗ್ಗದ ಮೋಡಗಳು

ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅವರ ‘ರೇನ್‌ಫಾರೆಸ್ಟ್’ ನೃತ್ಯದಲ್ಲಿ ಆರು ಮಂದಿ ನರ್ತಕರು. ಅವರ ಒಂದೊಂದು ಹೆಜ್ಜೆ, ಒಂದೊಂದು ತಿರುವು ತಾಲೀಮಿನಲ್ಲಿ ಪಳಗಿದ್ದು. ಅದೇ ರಂಗದಲ್ಲಿ ಹರಡಿಕೊಂಡ ಬೆಳ್ಳಿ ಬಣ್ಣದ ಗಾಳಿದಿಂಬುಗಳಿಗೆ ಮಾತ್ರ ಯಾವ ತಾಲೀಮೂ ನಾಟುವುದಿಲ್ಲ. ರಂಗದ ಬದಿಯಿಂದ ಗಾಳಿ ನುಗ್ಗಿದರೆ ಅತ್ತ ಸರಿಯುತ್ತವೆ, ಯಾರದೋ ಮೊಣಕೈ ತಾಗಿದರೆ ಇತ್ತ ಹೊರಳುತ್ತವೆ. ಚಲಿಸುವ ಶಿಲ್ಪದ ಜೊತೆ ನೃತ್ಯವನ್ನು ಕೂಡಿಸಿದ ಪ್ರಯೋಗಗಳು ಎಷ್ಟೋ ಬಂದಿವೆ. ಐದು ದಶಕ ದಾಟಿದ ಮೇಲೂ ಈ ಕೃತಿ ಸವಕಲಾಗದೆ ಉಳಿದಿರುವುದು ಪಳಗಿದ ನರ್ತಕರಿಗೂ ಪಳಗದ ದಿಂಬುಗಳಿಗೂ ನಡುವಿನ ಈ ಅಸಮಾನತೆಯ ಬಲದಿಂದಲೇ.

ದಿಂಬುಗಳು ಪಾಪ್ ಕಲಾವಿದ ಆಂಡಿ ವಾರ್ಹಾಲ್ ಅವರವು. 1966ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಲಿಯೋ ಕ್ಯಾಸ್ಟೆಲ್ಲಿ ಗ್ಯಾಲರಿಯಲ್ಲಿ ‘ಸಿಲ್ವರ್ ಕ್ಲೌಡ್ಸ್’ ಎಂಬ ಹೆಸರಿನಲ್ಲಿ ಅವು ಮೊದಲು ತೇಲಿದವು. ವಾರ್ಹಾಲ್‌ಗೆ ಬೇಕಾಗಿದ್ದದ್ದು ತೇಲುವ ವಿದ್ಯುತ್ ಬಲ್ಬು. ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಬಿಲ್ಲಿ ಕ್ಲೂವರ್ ಲೆಕ್ಕ ಹಾಕಿ ನೋಡಿದರೆ, ಅಂದಿನ ಬ್ಯಾಟರಿಯ ಭಾರಕ್ಕೆ ಅದು ಮೇಲೇಳುವಂತಿರಲಿಲ್ಲ. ಆಗ ಸಿಕ್ಕಿದ್ದು ಸ್ಕಾಚ್‌ಪ್ಯಾಕ್ ಎಂಬ ಲೋಹಲೇಪಿತ ಪ್ಲಾಸ್ಟಿಕ್ ಹಾಳೆ. ಅದರಿಂದ ಮೋಡ ಮಾಡೋಣವೆಂದರೆ ಬಾಗಿದ ಅಂಚನ್ನು ಬಿಸಿ ಮಾಡಿ ಅಂಟಿಸುವುದು ಕಷ್ಟ. ವಾರ್ಹಾಲ್ ಹಾಳೆಯನ್ನು ಸುಮ್ಮನೆ ಮಡಿಸಿದರು, ಅಂಚು ಅಂಟಿಸಿದರು. ಸುಮಾರು ಒಂದು ಮೀಟರ್ ಉದ್ದದ ದಿಂಬು ಸಿದ್ಧವಾಯಿತು. ರೂಪವನ್ನು ನಿರ್ಧರಿಸಿದ್ದು ವಸ್ತುವಿನ ಹಟ. ಆ ಹಟವೇ ಮುಂದೆ ರಂಗದ ಮೇಲೂ ಕೆಲಸ ಮಾಡಿತು.

ದಿಂಬುಗಳನ್ನು ತೇಲಿಸುವುದು ಹೀಲಿಯಂ; ಅದರ ಒಂದು ಲೀಟರ್ ಹೆಚ್ಚುಕಡಿಮೆ ಒಂದು ಗ್ರಾಂ ಭಾರವನ್ನಷ್ಟೇ ಎತ್ತಬಲ್ಲದು. ಹಾಳೆಯ ತೂಕಕ್ಕೂ ಅನಿಲದ ಎತ್ತುವ ಬಲಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು. ಅನಿಲ ಹೆಚ್ಚಾದರೆ ದಿಂಬು ಚಾವಣಿಗೆ ಅಂಟುತ್ತದೆ, ಕಡಿಮೆಯಾದರೆ ನೆಲ ಹಿಡಿಯುತ್ತದೆ. ನಡುವೆ ನಿಂತದ್ದು ಮನುಷ್ಯನ ಎದೆಯ ಎತ್ತರದಲ್ಲಿ ಅಲೆಯುತ್ತ ನರ್ತಕನ ದಾರಿಗೇ ಬರುತ್ತದೆ.

1968ರ ಮಾರ್ಚ್ 9ರಂದು ಬಫಲೋ ನಗರದಲ್ಲಿ ‘ರೇನ್‌ಫಾರೆಸ್ಟ್’ನ ಮೊದಲ ಪ್ರದರ್ಶನ ನಡೆಯಿತು. ಮರುದಿನ ಅಲ್ಲೇ ಕನಿಂಗ್‌ಹ್ಯಾಮ್ ತಂಡ ‘ವಾಕ್‌ಅರೌಂಡ್ ಟೈಮ್’ ಎಂಬ ನೃತ್ಯ ಆಡಿತು. ಅದಕ್ಕೆ ಚಿತ್ರಕಲಾವಿದ ಜಾಸ್ಪರ್ ಜಾನ್ಸ್ ಅವರು ಮಾರ್ಸೆಲ್ ದ್ಯುಶಾಂರ ಪ್ರಸಿದ್ಧ ಗಾಜಿನ ಕೃತಿಯ ಚಿತ್ರಗಳನ್ನು ಪಾರದರ್ಶಕ ವಿನೈಲ್ ಪೆಟ್ಟಿಗೆಗಳ ಮೇಲೆ ಮೂಡಿಸಿದ್ದರು. ಅಲ್ಲಿ ಪೆಟ್ಟಿಗೆಗಳನ್ನು ಸರಿಸಿ ಒಟ್ಟು ಜೋಡಿಸುವವರು ನರ್ತಕರೇ. ಸಜ್ಜಿಕೆ ಅವರ ಕೈಮಾತು ಕೇಳುತ್ತದೆ. ‘ರೇನ್‌ಫಾರೆಸ್ಟ್’ನಲ್ಲಿ ಆ ವಿಧೇಯತೆ ಇಲ್ಲ. ಎರಡರಲ್ಲಿ ಇದೇ ಹೆಚ್ಚು ಧೈರ್ಯದ ಕೃತಿ.

ಧೈರ್ಯ ಯಾವುದರಲ್ಲಿ? ದಿಂಬುಗಳನ್ನು ಕನಿಂಗ್‌ಹ್ಯಾಮ್ ಆಟಿಕೆ ಮಾಡಲಿಲ್ಲ. ತೇಲುವ ವಸ್ತು ಕಂಡರೆ ತಟ್ಟಬೇಕು, ತಬ್ಬಬೇಕು, ಎಸೆಯಬೇಕು ಎಂಬ ಆಸೆ ಯಾರಿಗೂ ಸಹಜ. ಇಂಥ ಎಷ್ಟೋ ಪ್ರದರ್ಶನಗಳು ಆ ಆಸೆಯ ಬೆನ್ನು ಹತ್ತಿ ಸರ್ಕಸ್ಸಿನ ಕಡೆಗೆ ಜಾರುತ್ತವೆ. ಇಲ್ಲಿ ನರ್ತಕರು ತಮ್ಮ ಕೆಲಸದಲ್ಲಿ ಮಗ್ನರು. ದಿಂಬು ತಾಗಿದರೆ ತಾಗಿತು, ಚಲನೆ ಮುಂದುವರಿಯಿತು. ಹೀಗೆ ಗಮನ ಕೊಡದೆ ಇರುವುದರಿಂದಲೇ ಪ್ರತಿ ಸ್ಪರ್ಶವೂ ನಿಜವಾದ ಘಟನೆಯಾಗುತ್ತದೆ, ಅಭಿನಯವಾಗುವುದಿಲ್ಲ. ನೃತ್ಯದ ಕಟ್ಟಡವೂ ಇದಕ್ಕೆ ಒದಗುತ್ತದೆ: ಕನಿಂಗ್‌ಹ್ಯಾಮ್ ತಾವೇ ನರ್ತಿಸುತ್ತಿದ್ದ ಪಾತ್ರವೊಂದನ್ನು ಬಿಟ್ಟರೆ ಉಳಿದ ಐವರೂ ತಮ್ಮ ಭಾಗ ಮುಗಿಸಿ ಹೊರಟವರು ಮತ್ತೆ ಬರುವುದಿಲ್ಲ. ಜೀವಗಳು ಬಂದು ಹೋಗುತ್ತವೆ, ದಿಂಬುಗಳು ಇದ್ದಲ್ಲೇ ಅಲೆಯುತ್ತಿರುತ್ತವೆ. ಮರ, ಎಲೆ ಒಂದೂ ಇಲ್ಲದ ರಂಗ ಕಾಡಾಗುವುದು ಹೀಗೆ. ಆ ಕಾಡಿನ ನೆನಪು ಕನಿಂಗ್‌ಹ್ಯಾಮ್ ಅವರ ಬಾಲ್ಯದ್ದು. ಅವರು ಹುಟ್ಟಿ ಬೆಳೆದದ್ದು ವಾಷಿಂಗ್ಟನ್ ರಾಜ್ಯದಲ್ಲಿ; ಅಲ್ಲಿನ ಒಲಿಂಪಿಕ್ ಪರ್ಯಾಯ ದ್ವೀಪದಲ್ಲಿ ಚಳಿನಾಡಿನ ಮಳೆಕಾಡುಗಳಿವೆ.

ಡೇವಿಡ್ ಟ್ಯೂಡರ್ ಅವರ ಸಂಗೀತವನ್ನು ಇಲ್ಲಿ ಹೆಚ್ಚು ಮೆಚ್ಚಬೇಕು. ವಿದ್ಯುನ್ಮಾನ ಸದ್ದನ್ನು ಅವರು ಸ್ಪೀಕರಿಗೆ ನೇರವಾಗಿ ಕೊಡದೆ ಸಣ್ಣಪುಟ್ಟ ವಸ್ತುಗಳ ಮೂಲಕ ಹಾಯಿಸಿದರು. ವಸ್ತು ಕಂಪಿಸಿ ತನ್ನದೇ ದನಿ ಸೇರಿಸಿತು. ಹಕ್ಕಿಯ ಚಿಲಿಪಿಲಿಯಂಥ, ಹುಳದ ಗುಂಯ್ಗುಡುವಿಕೆಯಂಥ ನಾದ ಹೊಮ್ಮಿತು. ದಿಂಬು ಮತ್ತು ನಾದ ಎರಡರಲ್ಲೂ ಕಲಾವಿದ ಅರ್ಧ ಹೇಳಿ ಉಳಿದರ್ಧವನ್ನು ವಸ್ತುವಿಗೇ ಬಿಟ್ಟಿದ್ದಾನೆ.

ಕೊರತೆಗಳೂ ಇವೆ. ನರ್ತಕರು ಬೆತ್ತಲೆ ಇರಲಿ ಎಂಬುದು ವಾರ್ಹಾಲ್ ಅವರ ಸಲಹೆ. ಅದರ ಬದಲು ಜಾನ್ಸ್ ಮೈಬಣ್ಣದ ಬಿಗಿಯುಡುಪನ್ನು ಬ್ಲೇಡಿನಿಂದ ಅಲ್ಲಲ್ಲಿ ಸೀಳಿದರು. ಜಾಣ ಉಪಾಯವೇ, ಆದರೆ ಹರಿದ ಬಟ್ಟೆ ‘ಕಾಡುಮನುಷ್ಯ’ರ ಚಿತ್ರದ ಕಡೆಗೆ ನೋಟವನ್ನು ಎಳೆಯುತ್ತದೆ. ಉಳಿದೆಲ್ಲ ಅಂಶಗಳೂ ದೂರ ಇಟ್ಟ ಸುಲಭ ಅರ್ಥವನ್ನು ಉಡುಪು ಒಳಗೆ ಕರೆಯುತ್ತದೆ. ಇನ್ನೊಂದು, ಹೊಳಪು. ದೀಪದ ಬೆಳಕನ್ನು ದಿಂಬು ಎಷ್ಟು ಜೋರಾಗಿ ತಿರುಗಿಸಿ ಎಸೆಯುತ್ತದೆಂದರೆ ಪಕ್ಕದಲ್ಲಿ ನಡೆಯುವ ಪಾದದ ಸೂಕ್ಷ್ಮ ಕೆಲಸ ಮಂಕಾಗುತ್ತದೆ. ವಾರ್ಹಾಲ್ ಹೆಸರು ಬೆಳೆದಂತೆಲ್ಲ ಈ ತೊಡಕೂ ಬೆಳೆದಿದೆ: ನೃತ್ಯ ನೋಡಲು ಬಂದವರು ‘ವಾರ್ಹಾಲ್ ಮೋಡ’ ನೋಡಿ ಹೋಗುವ ಅಪಾಯ.

ಕನಿಂಗ್‌ಹ್ಯಾಮ್ 2009ರಲ್ಲಿ ತೀರಿಕೊಂಡರು. ಅವರ ತಂಡ 2011ರ ಡಿಸೆಂಬರ್ 31ರಂದು ಕೊನೆಯ ಪ್ರದರ್ಶನ ಕೊಟ್ಟು ವಿಸರ್ಜನೆಗೊಂಡಿತು. 2015ರಲ್ಲಿ ಸ್ಟೀಫನ್ ಪೆಟ್ರೋನಿಯೋ ತಂಡ ‘ರೇನ್‌ಫಾರೆಸ್ಟ್’ ಅನ್ನು ನ್ಯೂಯಾರ್ಕಿನಲ್ಲಿ ಮತ್ತೆ ರಂಗಕ್ಕೆ ತಂದಿತು. ಮರುಪ್ರದರ್ಶನಗಳಿಗೆ ಒಂದು ಮಿತಿ ಇದ್ದೇ ಇದೆ: ಹೆಜ್ಜೆಗಳನ್ನು ಹಿರಿಯರಿಂದ ಕಲಿಯಬಹುದು, 1968ರ ಸಂಜೆ ಯಾವ ದಿಂಬು ಯಾರ ಭುಜಕ್ಕೆ ತಾಗಿತ್ತು ಎಂಬುದನ್ನು ಕಲಿಸಲಾಗದು. ಹೀಗಾಗಿ ಹಳೆಯ ಚಿತ್ರೀಕರಣವನ್ನು ಮೂಲವೆಂದು ಹಿಡಿದು ತಾಳೆ ನೋಡುವ ವಿಮರ್ಶೆಗೆ ಇಲ್ಲಿ ಅರ್ಧ ಮಾತ್ರ ನೆಲೆ. ಉಳಿದರ್ಧವನ್ನು ಆ ರಾತ್ರಿ ರಂಗಮಂದಿರದ ಗಾಳಿ ಬರೆದಿರುತ್ತದೆ; ಅದಕ್ಕೆ ಹೊಸ ನರ್ತಕರು ಅಳುಕದೆ ಮೈಯೊಡ್ಡಿದರೇ ಎಂಬುದನ್ನೇ ನೋಡಬೇಕು.